ಅವನು ಅನ್ನಲಾಗದೆ ‘ಅವರು’ ಅಂದ ಸೈನಿಕ

ನನ್ನ ಗೆಳೆಯನೊಬ್ಬ ಸೇನೆಯಲ್ಲಿದ್ದ. ರಜೆಗೆ ಬಂದಾಗಲೆಲ್ಲ ಸಿಗುತ್ತಿದ್ದ, ತಾಸುಗಟ್ಟಲೆ ಮಾತಾಡುತ್ತಿದ್ದ. ಅವನ ಮಾತಿನ ನಡುವೆ ಒಬ್ಬರು ಆಗಾಗ ಬಂದುಹೋಗುತ್ತಿದ್ದರು. ‘ಅವರು ಫೋನ್ ಮಾಡಿದ್ದರು.’ ‘ಅವರಿಗೆ ಹುಷಾರಿರಲಿಲ್ಲ.’ ‘ಅವರೇ ಸ್ಟೇಷನ್ ತನಕ ಬಂದು ಬಿಟ್ಟು ಹೋದರು.’ ಯಾರೋ ಹಿರಿಯರಿರಬೇಕು, ಇವನಿಗೆ ಬೇಕಾದವರಿರಬೇಕು ಅಂದುಕೊಂಡು ನಾನು ಸುಮ್ಮನಿದ್ದೆ. ಯಾರು ಅಂತ ಕೇಳಲೂ ಇಲ್ಲ.

ಆ ‘ಅವರು’ ಇವನಿಗಿಂತ ಎರಡು ವರ್ಷ ಚಿಕ್ಕವನು, ಇವನು ಪ್ರೀತಿಸುತ್ತಿದ್ದ ಹುಡುಗ ಅಂತ ಗೊತ್ತಾಗಲು ನನಗೆ ಆರು ವರ್ಷ ಬೇಕಾಯಿತು.

ಕನ್ನಡದಲ್ಲಿ ಒಬ್ಬರ ವಿಷಯ ಹೇಳಬೇಕೆಂದರೆ ‘ಬಂದ’ ಅನ್ನಬೇಕು, ಇಲ್ಲವೇ ‘ಬಂದಳು’ ಅನ್ನಬೇಕು. ಮಾತಿನ ಬಾಲದಲ್ಲೇ ಗಂಡೋ ಹೆಣ್ಣೋ ತಿಳಿದುಬಿಡುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ‘ಬಂದರು’. ಹಿರಿಯರಿಗೆ ಮರ್ಯಾದೆ ಕೊಡಲು ಇರುವ ಬಹುವಚನವನ್ನು ಅವನು ಕಂಬಳಿಯ ಹಾಗೆ ಹೊದ್ದುಕೊಂಡಿದ್ದ. ಸುಮ್ನೆ ‘ಬಂದಳು’ ಅಂದುಬಿಡಬಹುದಿತ್ತು, ಇನ್ನೂ ಸುಲಭವಾಗುತ್ತಿತ್ತು. ‘ಅವನನ್ನ ಹೆಣ್ಣು ಮಾಡಿ ಮಾತಾಡೋಕೆ ಬಾಯಿ ಬರಲಿಲ್ಲ ಕಣೋ’ ಅಂದಿದ್ದ ಆಮೇಲೆ.

ಬ್ಯಾರಕ್ಕಿನಲ್ಲಿ ಮಾತ್ರ ಈ ‘ಅವರು’ ಸಾಲುತ್ತಿರಲಿಲ್ಲ. ಅಲ್ಲಿ ಎಲ್ಲರ ಫೋನಿನಲ್ಲೂ ಹೆಂಡತಿಯ ಫೋಟೋ, ಮಗುವಿನ ಫೋಟೋ, ನಿಶ್ಚಯವಾದ ಹುಡುಗಿಯ ಫೋಟೋ. ‘ನಿಂದು ತೋರಿಸಪ್ಪ’ ಅಂದರೆ ಇವನು ತಂಗಿಯ ಗೆಳತಿಯೊಬ್ಬಳ ಫೋಟೋ ತೋರಿಸುತ್ತಿದ್ದ. ಆ ಹುಡುಗಿಗೆ ಇದು ಗೊತ್ತೇ ಇಲ್ಲ. ಅವಳಿಗೊಂದು ಬೇರೆ ಹೆಸರು ಇಟ್ಟಿದ್ದ, ಅವಳ ಅಪ್ಪನಿಗೊಂದು ಕೆಲಸ ಕೊಟ್ಟಿದ್ದ, ಮದುವೆ ಮುಂದಕ್ಕೆ ಹೋದದ್ದಕ್ಕೆ ಪ್ರತಿ ವರ್ಷ ಹೊಸ ಕಾರಣ ಹುಡುಕುತ್ತಿದ್ದ. ಯಾರಿಗೆ ಯಾವ ಕಾರಣ ಹೇಳಿದ್ದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕಿತ್ತು. ‘ರೈಫಲ್ ಬಿಚ್ಚಿ ಜೋಡಿಸೋದು ಕಣ್ಣು ಮುಚ್ಚಿಕೊಂಡು ಮಾಡ್ತೀನಿ. ಇದನ್ನ ಮಾತ್ರ ದಿನಾ ಓದ್ಕೋಬೇಕು’ ಅಂದ.

ಗೇ ಆದವರು ಸೇನೆಯಲ್ಲಿ ಅದನ್ನು ಬಚ್ಚಿಡದೆ ಕೆಲಸ ಮಾಡಬಹುದೇ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ಕಣ್ಣ ಮುಂದೆ ಬರುವುದು ಆ ಫೋಟೋ. ಮಾಡಬಹುದು, ಮಾಡಬೇಕು ಅನ್ನುವುದು ನನ್ನ ಉತ್ತರ. ಅವರನ್ನು ಸೇನೆಗೆ ಸೇರಿಸಿಕೊಳ್ಳಬೇಕಾ ಬೇಡವಾ ಅಂತ ಚರ್ಚೆ ಮಾಡುವವರು ಒಂದು ಮಾತು ಮರೆತಿರುತ್ತಾರೆ. ಅವರು ಆಗಲೇ ಅಲ್ಲಿದ್ದಾರೆ, ಯಾವತ್ತೂ ಇದ್ದರು. ಗಡಿಯಲ್ಲಿ ಕಾವಲು ಕಾದಿದ್ದಾರೆ, ಗುಂಡು ತಿಂದಿದ್ದಾರೆ. ಉಳಿದಿರುವ ಪ್ರಶ್ನೆ, ಅವರು ಪಕ್ಕದವನಿಗೆ ನಿಜ ಹೇಳಬಹುದಾ ಅನ್ನುವುದಷ್ಟೇ.

(ಒಂದು ಮಾತು. ನಮ್ಮ ಪತ್ರಿಕೆಗಳು ಇಂಥ ಕಡೆ ‘ಸಲಿಂಗಕಾಮಿ’ ಅಂತ ಬರೆಯುತ್ತವೆ. ನನಗೆ ಆ ಪದ ಹಿಡಿಸುವುದಿಲ್ಲ. ಹೆಂಡತಿಗೆ ಹುಷಾರಿಲ್ಲ ಅಂತ ಕಂಗಾಲಾದ ಸೈನಿಕನನ್ನು ನಾವು ಕಾಮಿ ಅನ್ನುವುದಿಲ್ಲ ಅಲ್ವಾ? ನನ್ನ ಗೆಳೆಯ ‘ಅವರಿಗೆ ಹುಷಾರಿರಲಿಲ್ಲ’ ಅಂದಾಗ ಅವನ ಮುಖದಲ್ಲಿ ಇದ್ದದ್ದೂ ಅದೇ ಕಂಗಾಲು.)

ಲಿಯೊನಾರ್ಡ್ ಮ್ಯಾಟ್ಲೊವಿಚ್ ಅಮೆರಿಕದ ವಾಯುಪಡೆಯ ಸಾರ್ಜೆಂಟ್. ವಿಯೆಟ್ನಾಂ ಯುದ್ಧದಲ್ಲಿ ನೆಲಬಾಂಬ್ ಸಿಡಿದು ಗಾಯಗೊಂಡವರು, ಪದಕ ಪಡೆದವರು. 1975ರಲ್ಲಿ ಅವರು ತಾನು ಗೇ ಅಂತ ತಮ್ಮ ಮೇಲಧಿಕಾರಿಗೆ ಪತ್ರ ಬರೆದು ಕೊಟ್ಟರು. ಅದೇ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಸಮವಸ್ತ್ರ ತೊಟ್ಟ ಅವರ ಫೋಟೋ ಬಂತು. ವಾಯುಪಡೆ ಅವರನ್ನು ಹೊರಗೆ ಹಾಕಿತು. 1988ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಸ್ಮಶಾನವೊಂದರಲ್ಲಿ ಅವರ ಸಮಾಧಿ ಇದೆ. ಅದರ ಮೇಲೆ ಕೆತ್ತಿರುವ ಮಾತಿನ ಅರ್ಥ ಇಷ್ಟು: ನಾನು ಸೇನೆಯಲ್ಲಿದ್ದಾಗ ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಮೆಡಲ್ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಗೆ ಕಳಿಸಿದರು. ಮೊದಲ ಸಲ ಇದನ್ನು ಓದಿದಾಗ ನಾನು ಮುಂದಕ್ಕೆ ಓದಲಾಗದೆ ಎದ್ದು ಹೋಗಿದ್ದೆ.

1993ರಲ್ಲಿ ಅಮೆರಿಕ ಒಂದು ನಡುದಾರಿ ಹುಡುಕಿತು. ‘ಕೇಳಬೇಡ, ಹೇಳಬೇಡ’ ಅಂತ ಅದಕ್ಕೆ ಹೆಸರು. ಅಧಿಕಾರಿಗಳು ನೀನು ಗೇನಾ ಅಂತ ಕೇಳುವ ಹಾಗಿಲ್ಲ. ಸೈನಿಕ ತಾನಾಗಿ ಹೇಳುವ ಹಾಗೂ ಇಲ್ಲ. ಹೇಳಿದರೆ, ಅಥವಾ ಹೇಗೋ ಗೊತ್ತಾದರೆ, ಕೆಲಸ ಹೋಯಿತು. ಕೇಳಲು ಮೃದುವಾಗಿದೆ. ಆದರೆ ಈ ನಿಯಮದಡಿ 13 ಸಾವಿರಕ್ಕೂ ಜಾಸ್ತಿ ಜನ ಮನೆಗೆ ಹೋದರು. ಅವರಲ್ಲಿ ಅರೇಬಿಕ್ ಭಾಷೆ ಕಲಿತ ಹತ್ತಾರು ಜನ ಇದ್ದರು. 2001ರ ದಾಳಿಯ ನಂತರ ಅಮೆರಿಕದ ಸೇನೆಗೆ ಅರೇಬಿಕ್ ಬಲ್ಲವರು ಸಿಗುತ್ತಿರಲಿಲ್ಲ. ಸಿಕ್ಕಿದವರನ್ನೂ ಹೀಗೆ ಕಳೆದುಕೊಂಡರು.

ನಿಯಮದ ಒಳಗೆ ಕೂತು ನೋಡಿದರೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಹೇಳಬೇಡ ಅಂದರೆ ಬರೀ ಬಾಯಿ ಮುಚ್ಚಿಕೊಂಡಿರು ಅಂತಲ್ಲ. ಸೋಮವಾರ ಬೆಳಿಗ್ಗೆ ಯಾರಾದರೂ ‘ರಜೇಲಿ ಏನು ಮಾಡಿದೆ?’ ಅಂದರೆ ಏನೋ ಒಂದು ಕಟ್ಟಿ ಹೇಳಬೇಕು. ಮನೆಯಿಂದ ಬಂದ ಪತ್ರ ಸುಟ್ಟು ಹಾಕಬೇಕು. ಯಾರಾದರೂ ಹೊಡೆದರೂ, ಬೆದರಿಸಿದರೂ ದೂರು ಕೊಡುವಂತಿಲ್ಲ. ಕೊಟ್ಟರೆ ‘ಯಾಕೆ ಹೊಡೆದರು?’ ಅನ್ನುವ ಪ್ರಶ್ನೆ ಬರುತ್ತದೆ. ಆಗ ಉತ್ತರ ಹೇಳಿದವನೇ ಸಿಕ್ಕಿಬೀಳುತ್ತಾನೆ.

ಗುಟ್ಟು ಇದ್ದವನನ್ನು ಶತ್ರು ಬ್ಲ್ಯಾಕ್‌ಮೇಲ್ ಮಾಡಬಹುದು, ದೇಶದ ಭದ್ರತೆಗೆ ಅಪಾಯ ಅನ್ನುವ ವಾದ ಹಲವು ದೇಶಗಳಲ್ಲಿ ದಶಕಗಟ್ಟಲೆ ನಡೆಯಿತು. ಅದನ್ನು ಗುಟ್ಟು ಮಾಡಿದವರು ಯಾರು? ಹೇಳಿದರೆ ಕೆಲಸ ಹೋಗುವುದಿಲ್ಲ ಅಂತಾದರೆ ಬೆದರಿಸುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೆನಡಾದ ಮಿಶೆಲ್ ಡಗ್ಲಸ್ ಸೇನೆಯ ವಿಶೇಷ ತನಿಖಾ ಘಟಕದಲ್ಲಿ ಅಧಿಕಾರಿಯಾಗಿದ್ದರು. ಗೇ ಮತ್ತು ಲೆಸ್ಬಿಯನ್ ಸೈನಿಕರನ್ನು ಹುಡುಕಿ ತೆಗೆಯುತ್ತಿದ್ದದ್ದು ಇದೇ ಘಟಕ. ಕೊನೆಗೆ ತಮ್ಮದೇ ಘಟಕದವರು ಡಗ್ಲಸ್ ಅವರನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. 1989ರಲ್ಲಿ ಅವರ ಕೆಲಸ ಹೋಯಿತು. ಅವರು ಕೋರ್ಟಿಗೆ ಹೋದರು. 1992ರಲ್ಲಿ ಕೆನಡಾ ನಿಷೇಧವನ್ನೇ ಕೈಬಿಟ್ಟಿತು. 2017ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ಬ್ರಿಟನ್ನಿನ ಒಂದು ಕತೆ ನನ್ನನ್ನು ಬಿಡುವುದೇ ಇಲ್ಲ. ಜೋ ಔಸಲಿಸ್ ಅಂತ, ನೌಕಾಪಡೆಯಲ್ಲಿ ಸುಮಾರು 18 ವರ್ಷ ರೇಡಿಯೋ ಆಪರೇಟರ್ ಆಗಿದ್ದವರು. 1982ರ ಫಾಕ್‌ಲೆಂಡ್ಸ್ ಯುದ್ಧಕ್ಕೂ ಹೋಗಿಬಂದವರು. ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವ ಬೈಸೆಕ್ಷುಯಲ್ ವ್ಯಕ್ತಿ. ಅಷ್ಟೂ ವರ್ಷ ಅದನ್ನು ಬಚ್ಚಿಟ್ಟುಕೊಂಡೇ ಇದ್ದರು. 1993ರಲ್ಲಿ ಅವರನ್ನು ಸೇವೆಯಿಂದ ಹೊರಗೆ ಹಾಕಿದರು. ದೀರ್ಘ ಸೇವೆ ಮತ್ತು ಒಳ್ಳೆಯ ನಡತೆಗೆ ಅಂತ ಕೊಟ್ಟ ಮೆಡಲ್ ಅವರ ಎದೆಯ ಮೇಲಿತ್ತು. ಒಬ್ಬ ದೊಡ್ಡ ಕತ್ತರಿ ಹಿಡಿದು ಬಂದು ಅದನ್ನು ಕೋಟಿನಿಂದ ಕತ್ತರಿಸಿಕೊಂಡ ಅಂತ ಔಸಲಿಸ್ ಮುಂದೆ ಹೇಳಿದ್ದಾರೆ.

ಕತ್ತರಿ. ಬಿಚ್ಚಿ ಕೊಡಪ್ಪ ಅಂದಿದ್ದರೂ ಅವರು ಬಿಚ್ಚಿ ಕೊಡುತ್ತಿದ್ದರೇನೋ. 18 ವರ್ಷ ಹೇಳಿದ ಮಾತು ಕೇಳಿದ ಮನುಷ್ಯ ತಾನೇ? ಆ ಮೆಡಲ್ ಅವರಿಗೆ ವಾಪಸ್ ಸಿಕ್ಕಿದ್ದು 2019ರಲ್ಲಿ, ಅದೂ ಕೋರ್ಟಿಗೆ ಹೋದ ಮೇಲೆ. ಆಗ ಅವರಿಗೆ 68 ವರ್ಷ.

ಬ್ರಿಟನ್ ನಿಷೇಧ ತೆಗೆದದ್ದು ತಾನಾಗಿ ಅಲ್ಲ. ಜೀನೆಟ್ ಸ್ಮಿತ್, ಗ್ರೇಮ್ ಗ್ರೇಡಿ ಅನ್ನುವ ವಾಯುಪಡೆಯ ಇಬ್ಬರು, ಅವರ ಜೊತೆ ನೌಕಾಪಡೆಯ ಇನ್ನಿಬ್ಬರು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನ ತನಕ ಹೋದರು. ತನಿಖೆ ಹೆಸರಿನಲ್ಲಿ ಅವರ ಮಲಗುವ ಕೋಣೆಯ ವಿಷಯವನ್ನೆಲ್ಲ ಕೆದಕಿದ್ದರು. ಇದು ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಅಂತ 1999ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. 2000ದ ಜನವರಿಯಲ್ಲಿ ನಿಷೇಧ ಹೋಯಿತು. ಸೇನೆ ಕುಸಿಯುತ್ತದೆ, ಜನ ರಾಜೀನಾಮೆ ಕೊಟ್ಟು ಹೋಗುತ್ತಾರೆ ಅಂತ ಹೇಳಿದವರಿದ್ದರು. ಹಾಗೇನೂ ಆಗಲಿಲ್ಲ. ಕೆಲವೇ ತಿಂಗಳಲ್ಲಿ ರಕ್ಷಣಾ ಇಲಾಖೆಯೇ ಪರಿಶೀಲಿಸಿ ಹೇಳಿಕೊಳ್ಳುವಂಥ ತೊಂದರೆ ಆಗಿಲ್ಲ ಅಂತ ಒಪ್ಪಿಕೊಂಡಿತು. 2023ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮರು ವರ್ಷ 7.5 ಕೋಟಿ ಪೌಂಡ್ ಪರಿಹಾರ ಘೋಷಣೆಯಾಯಿತು. ಅಷ್ಟರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು.

ಸರಿ, ಎದುರು ವಾದ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸೇನೆ ಆಫೀಸಿನ ಹಾಗಲ್ಲ. ಸಂಜೆ ಆರಕ್ಕೆ ಮನೆಗೆ ಹೋಗುವ ಕೆಲಸವಲ್ಲ. ಹತ್ತಾರು ಜನ ಒಂದೇ ಕೋಣೆಯಲ್ಲಿ ಮಲಗಬೇಕು, ಒಂದೇ ಕಡೆ ಸ್ನಾನ ಮಾಡಬೇಕು. ಪಕ್ಕದವನ ಮೇಲೆ ಪ್ರಾಣ ಇಟ್ಟು ನಡೆಯಬೇಕು. ಆ ಒಗ್ಗಟ್ಟಿಗೆ ಒಂದು ಬಿರುಕು ಬಿದ್ದರೂ ಯುದ್ಧದಲ್ಲಿ ಹೆಣ ಬೀಳುತ್ತದೆ. ಹಾಗಾಗಿ ಬೇಡ ಅನ್ನುತ್ತಾರೆ. ಇದನ್ನು ಹೇಳುವವರು ಎಲ್ಲರೂ ದ್ವೇಷ ಇಟ್ಟುಕೊಂಡವರಲ್ಲ. ತಮ್ಮ ಹುಡುಗರ ಜೀವದ ಚಿಂತೆ ಇರುವ ಅಧಿಕಾರಿಗಳೂ ಹೀಗೆ ಹೇಳಿದ್ದಾರೆ.

ಆದರೆ ಒಗ್ಗಟ್ಟು ಅಂದರೇನು? ಒಬ್ಬರನ್ನೊಬ್ಬರು ಇಷ್ಟಪಡುವುದು ಒಂದು. ಒಂದೇ ಕೆಲಸಕ್ಕೆ ಎಲ್ಲರೂ ಕಟ್ಟುಬೀಳುವುದು ಇನ್ನೊಂದು. ಇದರ ಮೇಲೆ ಅಧ್ಯಯನ ಮಾಡಿದವರು ಎರಡನ್ನೂ ಬೇರೆ ಬೇರೆ ಇಟ್ಟು ನೋಡುತ್ತಾರೆ. ಗೆಲುವಿಗೆ ಹೆಚ್ಚು ಬೇಕಾದದ್ದು ಎರಡನೆಯದು ಅನ್ನುತ್ತಾರೆ. ಕ್ರಿಕೆಟ್ ಆಡಿದವರಿಗೂ ಇದು ಗೊತ್ತು. ಮೈದಾನದ ಹೊರಗೆ ಮಾತು ಬಿಟ್ಟ ಇಬ್ಬರು ಒಳಗೆ ಒಂದು ರನ್ನಿಗಾಗಿ ಒಬ್ಬರನ್ನೊಬ್ಬರು ನಂಬಿ ಓಡುತ್ತಾರೆ. ಹಾಗೆ ಓಡಬೇಕಾದರೆ ಆ ಕಡೆಯವನು ನನಗೆ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ ಬೇಕು. ನನ್ನ ಗೆಳೆಯ ತನ್ನ ಜೊತೆಯವರಿಗೆ ದಿನಾ ಸುಳ್ಳು ಹೇಳುತ್ತಿದ್ದ. ಹೇಳಬೇಕಾಗಿತ್ತು. ರಾತ್ರಿ ಕಾವಲಿನಲ್ಲಿ ಜೊತೆಗಿದ್ದವನು ತನ್ನ ಮನೆಯ ಕಷ್ಟವನ್ನೆಲ್ಲ ತೋಡಿಕೊಂಡಾಗ ಇವನಿಗೂ ಹೇಳಿಬಿಡೋಣ ಅನಿಸುತ್ತಿತ್ತಂತೆ. ಹೇಳದೆ ದೂರ ಸರಿಯುತ್ತಿದ್ದ. ‘ಇವನು ಒಳ್ಳೆಯವನೇ, ಆದರೆ ಯಾಕೋ ಮನಸ್ಸು ಬಿಚ್ಚಲ್ಲ’ ಅಂತ ಯೂನಿಟ್ಟಿನಲ್ಲಿ ಹೆಸರಾಯಿತು. ಬಿರುಕು ಬಿದ್ದದ್ದು ಅವನು ಗೇ ಆದದ್ದರಿಂದ ಅಲ್ಲ. ಬಾಯಿ ಹೊಲಿದದ್ದರಿಂದ.

ಅಮೆರಿಕದ ರಕ್ಷಣಾ ಇಲಾಖೆ 2010ರಲ್ಲಿ ತನ್ನ ಸೈನಿಕರನ್ನೇ ಕೇಳಿತು. ಸುಮಾರು 1,15,000 ಮಂದಿ ಉತ್ತರಿಸಿದರು. ನಿಯಮ ತೆಗೆದರೆ ಒಳ್ಳೆಯದೇ ಆಗುತ್ತದೆ, ಸ್ವಲ್ಪ ಒಳ್ಳೆಯದು ಸ್ವಲ್ಪ ಕೆಟ್ಟದ್ದು ಆಗುತ್ತದೆ, ಏನೂ ಆಗುವುದಿಲ್ಲ ಅಂದವರು ಒಟ್ಟಿಗೆ ಸುಮಾರು 70 ಶೇಕಡಾ. ಗೇ ಜೊತೆಗಾರನ ಪಕ್ಕ ಈಗಾಗಲೇ ಕೆಲಸ ಮಾಡಿದ್ದೇವೆ ಅಂದವರಲ್ಲಿ 92 ಶೇಕಡಾ ಜನ ತಮ್ಮ ತಂಡ ಚೆನ್ನಾಗಿತ್ತು, ಇಲ್ಲವೇ ಕೆಟ್ಟದಾಗೇನೂ ಇರಲಿಲ್ಲ ಅಂದರು. ಭಯ ಜಾಸ್ತಿ ಇದ್ದದ್ದು ಅಂಥವರ ಜೊತೆ ಕೆಲಸ ಮಾಡಿ ಗೊತ್ತಿಲ್ಲದವರಲ್ಲಿ. 2011ರ ಸೆಪ್ಟೆಂಬರ್ 20ರಂದು ‘ಕೇಳಬೇಡ, ಹೇಳಬೇಡ’ ಮುಗಿಯಿತು. ಮರುದಿನವೂ ಸೇನೆ ಎದ್ದು ಕೆಲಸಕ್ಕೆ ಹೋಯಿತು.

ಇದೇ ಮಾತುಗಳನ್ನು ಅಮೆರಿಕದವರು ಮುಂಚೆಯೂ ಕೇಳಿದ್ದರು. ಕಪ್ಪು ಸೈನಿಕರನ್ನು ಬಿಳಿಯರ ಜೊತೆ ಒಂದೇ ಬ್ಯಾರಕ್ಕಿನಲ್ಲಿ ಇಡಬಾರದು, ಒಗ್ಗಟ್ಟು ಹಾಳಾಗುತ್ತದೆ ಅಂತ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿ ಆ ಬೇಲಿ ಕೀಳಲು ಶುರುಮಾಡಿದರು. ಬಿಳಿಯ ಸೈನಿಕರ ಒಪ್ಪಿಗೆಗೆ ಕಾಯುತ್ತಾ ಕೂತಿದ್ದರೆ ಆ ಬೇಲಿ ಇನ್ನೂ ಎಷ್ಟು ವರ್ಷ ಇರುತ್ತಿತ್ತೋ.

ಹಳೆಯ ಕಾಲದ ಒಂದು ಉದಾಹರಣೆಯನ್ನೂ ಬಿಡಲು ಮನಸ್ಸಿಲ್ಲ. ಗ್ರೀಸಿನ ಥೀಬ್ಸ್ ನಗರಕ್ಕೆ 300 ಜನರ ಒಂದು ಪಡೆ ಇತ್ತು. ಪರಸ್ಪರ ಪ್ರೀತಿಸುವ 150 ಗಂಡು ಜೋಡಿಗಳನ್ನೇ ಆರಿಸಿ ಕಟ್ಟಿದ ಪಡೆ ಅಂತ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿಸ್ತಪೂರ್ವ 371ರಲ್ಲಿ ಲ್ಯೂಕ್ಟ್ರಾ ಎಂಬಲ್ಲಿ, ಸೋಲೇ ಇಲ್ಲವೆಂದು ಹೆಸರಾಗಿದ್ದ ಸ್ಪಾರ್ಟಾದ ಸೇನೆಯನ್ನು ಸೋಲಿಸಿದ ಥೀಬ್ಸಿನ ಸೈನ್ಯದಲ್ಲಿ ಇವರಿದ್ದರು. 338ರಲ್ಲಿ ಕೈರೋನಿಯಾದಲ್ಲಿ ಮ್ಯಾಸಿಡೋನಿಯಾದ ರಾಜ ಫಿಲಿಪ್ ಎದುರು ಓಡಿಹೋಗದೆ ನಿಂತು ಸತ್ತರು. ಅಲ್ಲೊಂದು ಕಲ್ಲಿನ ಸಿಂಹ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅದರ ಹತ್ತಿರ ಅಗೆದಾಗ ಸಾಲು ಸಾಲಾಗಿ ಮಲಗಿಸಿದ್ದ 254 ಅಸ್ಥಿಪಂಜರಗಳು ಸಿಕ್ಕವು. ಅವು ಈ ಪಡೆಯವರದೇ ಇರಬೇಕು ಅಂತ ಹಲವರ ನಂಬಿಕೆ. ಪ್ರೀತಿಸುವವರೇ ಒಳ್ಳೆಯ ಸೈನಿಕರು ಅಂತ ನಾನು ಹೇಳುತ್ತಿಲ್ಲ. ಪ್ರೀತಿ ಇದ್ದಲ್ಲಿ ಪಡೆ ಒಡೆಯುತ್ತದೆ ಅನ್ನುವವರು ಆ ಸಾಲುಗಳನ್ನು ಒಮ್ಮೆ ನೆನೆಯಲಿ.

ಇನ್ನು ಸ್ನಾನದ ಕೋಣೆ, ಮೇಲಧಿಕಾರಿಯ ದಬ್ಬಾಳಿಕೆ ಇಂಥ ಪ್ರಶ್ನೆಗಳು. ಇವಕ್ಕೆ ಉತ್ತರ ಸರಳ. ಯಾರೇ ಯಾರ ಮೈ ಮುಟ್ಟಿದರೂ, ಕೆಳಗಿನವರ ಮೇಲೆ ಹುದ್ದೆಯ ಬಲ ತೋರಿಸಿದರೂ ಶಿಕ್ಷೆ ಆಗಲಿ. ಗಂಡು ಹೆಣ್ಣಿನ ನಡುವೆ ಯಾವ ನಿಯಮವೋ ಇಲ್ಲಿಯೂ ಅದೇ ಇರಲಿ. ತಪ್ಪು ಮಾಡಿದವನನ್ನು ಹಿಡಿಯಿರಿ, ಹುಟ್ಟಿದ ರೀತಿಯನ್ನಲ್ಲ. ಬಚ್ಚಿಡದೆ ಇರುವುದು ಅಂದರೆ ಎದೆಗೆ ಬೋರ್ಡ್ ಕಟ್ಟಿಕೊಳ್ಳುವುದೂ ಅಲ್ಲ. ಹೇಳುವುದು ಬಿಡುವುದು ಅವರವರ ಇಷ್ಟ. ಹೇಳಿದರೆ ಅನ್ನ ಹೋಗಬಾರದು, ಅಷ್ಟೇ.

ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಮಾಡುವುದಕ್ಕೆ, ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಅನ್ವಯಿಸುವುದಿಲ್ಲ ಅಂದಿತು. ಮರು ಜನವರಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್ ಅವರು ಸೇನೆಯಲ್ಲಿ ಇದಕ್ಕೆ ಅವಕಾಶ ಇಲ್ಲ, ಸೇನಾ ಕಾಯ್ದೆಯಡಿ ಕ್ರಮ ಕೈಗೊಳ್ಳುತ್ತೇವೆ ಅಂದರು. 1950ರ ಆ ಕಾಯ್ದೆಯಲ್ಲಿ ‘ಅಸಹಜ’ ನಡತೆಗೆ ಏಳು ವರ್ಷದ ತನಕ ಜೈಲು ಅನ್ನುವ 46ನೇ ಕಲಂ ಇದೆ. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಅಂದರೆ ದೇಶದ ಎಲ್ಲರಿಗೂ ಸಿಕ್ಕ ನೆಮ್ಮದಿ, ದೇಶ ಕಾಯುವವನಿಗೆ ಸಿಗಲಿಲ್ಲ. ಶಿಸ್ತಿಗಾಗಿ ಸೈನಿಕ ಕೆಲವು ಹಕ್ಕು ಬಿಟ್ಟುಕೊಡುತ್ತಾನೆ, ಅದು ಸರಿ. ಮುಷ್ಕರ ಮಾಡುವುದಿಲ್ಲ, ರಾಜಕೀಯ ಮಾತಾಡುವುದಿಲ್ಲ. ಅವುಗಳಿಂದ ಸೇನೆಗೆ ಏನು ಲಾಭ ಅಂತ ನನಗೆ ಅರ್ಥವಾಗುತ್ತದೆ. ಒಬ್ಬ ಜವಾನ ರಜೆಯಲ್ಲಿ ತನ್ನ ಮನೆಯಲ್ಲಿ ಯಾರ ಕೈ ಹಿಡಿದು ಕೂರುತ್ತಾನೆ ಅನ್ನುವುದನ್ನು ಬಿಟ್ಟುಕೊಟ್ಟರೆ ಯಾವ ಗಡಿ ಭದ್ರವಾಗುತ್ತದೆ ಅನ್ನುವುದು ಅರ್ಥವಾಗುವುದಿಲ್ಲ.

ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಆರೋಗ್ಯವಂತ ಗಂಡಸು ಸೇನೆಗೆ ಹೋಗಲೇಬೇಕು. ಹೋದ ಮೇಲೆ, ಒಪ್ಪಿಗೆ ಇದ್ದರೂ, ಇನ್ನೊಬ್ಬ ಗಂಡಸಿನ ಜೊತೆ ಸೇರಿದರೆ ಎರಡು ವರ್ಷದ ತನಕ ಜೈಲು ಅನ್ನುತ್ತದೆ ಸೇನಾ ಕಾನೂನು. ಶಿಬಿರದ ಹೊರಗೆ, ಡ್ಯೂಟಿ ಇಲ್ಲದಾಗ ನಡೆದದ್ದಕ್ಕೆ ಶಿಕ್ಷೆಯಾಗಿದ್ದ ಇಬ್ಬರ ಪರವಾಗಿ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನು ಮಾತ್ರ ಹಾಗೇ ಉಳಿಯಿತು.

ನಿಷೇಧ ತೆಗೆದರೆ ಎಲ್ಲ ಮುಗಿಯುವುದೂ ಇಲ್ಲ. ಡೋನಾ ಜಾನ್ಸನ್ ಅಮೆರಿಕದ ಸ್ಟಾಫ್ ಸಾರ್ಜೆಂಟ್. 2012ರ ಅಕ್ಟೋಬರ್ 1ರಂದು ಅಫ್ಘಾನಿಸ್ತಾನದಲ್ಲಿ ಆತ್ಮಾಹುತಿ ದಾಳಿಯಲ್ಲಿ ಸತ್ತರು. ಆಗ ‘ಕೇಳಬೇಡ, ಹೇಳಬೇಡ’ ಹೋಗಿ ಒಂದು ವರ್ಷವಾಗಿತ್ತು. ಅವರು ಒಬ್ಬ ಹೆಣ್ಣನ್ನು ಮದುವೆಯಾಗಿದ್ದರು, ಆ ಹೆಂಡತಿಯೂ ಸೇನೆಯವರೇ. ಆದರೆ ಕೇಂದ್ರ ಕಾನೂನು ಆ ಮದುವೆಯನ್ನು ಒಪ್ಪುತ್ತಿರಲಿಲ್ಲ. ಸಾವಿನ ಸುದ್ದಿ ಹೊತ್ತ ಅಧಿಕಾರಿಗಳು ಹೋದದ್ದು ತಾಯಿಯ ಮನೆಗೆ. ಮಡಿಚಿದ ಬಾವುಟ ಕೊಟ್ಟದ್ದು ತಾಯಿಯ ಕೈಗೆ. ಹೆಂಡತಿ ಅವರ ಲೆಕ್ಕದಲ್ಲಿ ಯಾರೂ ಅಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿದ ಮೇಲಷ್ಟೇ ಇದು ಬದಲಾಯಿತು.

ಈ ಸುದ್ದಿ ನನ್ನನ್ನು ಹೀಗೆ ಹಿಡಿದಿಟ್ಟುಕೊಳ್ಳಲು ಕಾರಣ ಇದೆ. ಒಂದು ಸಲ ಗೆಳೆಯನಿಗೆ ಕಷ್ಟದ ಜಾಗಕ್ಕೆ ಪೋಸ್ಟಿಂಗ್ ಆಯಿತು. ಹೊರಡುವ ಹಿಂದಿನ ದಿನ ಬಂದು ಒಂದು ಚೀಟಿ ಕೊಟ್ಟ. ನಾಲ್ಕು ಮಡಿಕೆ ಮಾಡಿದ ಪುಟ್ಟ ಚೀಟಿ. ಒಳಗೆ ಒಂದು ಫೋನ್ ನಂಬರ್, ಹೆಸರಿಲ್ಲ.

‘ನಂಗೆ ಏನಾದ್ರೂ ಆದ್ರೆ ಅಮ್ಮನಿಗೆ ಸೇನೆಯವರೇ ಹೇಳ್ತಾರೆ. ನೀನು ಈ ನಂಬರಿಗೆ ಫೋನ್ ಮಾಡು. ಟೀವಿ ನೋಡಿ ಗೊತ್ತಾಗೋದು ಬೇಡ.’

‘ಯಾರಿಗೆ?’ ಅಂದೆ.

‘ಅವರಿಗೆ’ ಅಂದ. ಆಮೇಲೆ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಎಲ್ಲ ಹೇಳಿದ.

ಆ ಚೀಟಿ ಎರಡು ವರ್ಷ ನನ್ನ ಪರ್ಸಿನಲ್ಲಿತ್ತು. ಮಡಿಕೆಗಳು ಸವೆದು ಅಂಕಿಗಳ ನಡುವೆ ತೂತು ಬಿದ್ದಿತ್ತು. ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಯಾಕೋ ಧೈರ್ಯವಾಗಲಿಲ್ಲ. ಉಳಿಸಿದರೆ ಎಂದಾದರೂ ಒತ್ತಬೇಕಾಗುತ್ತದೆ ಅನ್ನುವ ಭಯ. ಗಡಿಯ ಕಡೆಯಿಂದ ಕೆಟ್ಟ ಸುದ್ದಿ ಬಂದ ದಿನಗಳಲ್ಲಿ ಪರ್ಸ್ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎಲ್ಲೋ ಇನ್ನೊಬ್ಬ ಅದೇ ಸುದ್ದಿ ನೋಡುತ್ತಾ, ಯಾರನ್ನೂ ಕೇಳುವ ಹಕ್ಕಿಲ್ಲದೆ, ಫೋನ್ ಎದುರಿಗಿಟ್ಟುಕೊಂಡು ಕೂತಿರುತ್ತಾನೆ ಅನಿಸುತ್ತಿತ್ತು.

ಗೆಳೆಯ ಅವಧಿ ಮುಗಿಸಿ ಹೊರಗೆ ಬಂದಿದ್ದಾನೆ. ಹೋದ ತಿಂಗಳು ಮನೆಗೆ ಬಂದಿದ್ದ. ಮಾತಾಡುತ್ತಾ ಕತ್ತಲಾಯಿತು. ಫೋನ್ ಬಡಿಯಿತು, ‘ಹೂಂ, ಬಂದೆ’ ಅಂತ ಇಟ್ಟ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ ‘ಕೆಳಗೆ ಕಾಯ್ತಿದ್ದಾನೆ, ಹೊರಡ್ತೀನಿ’ ಅಂದ.

ಹಾಗಂದವನು, ಹಳೇ ಅಭ್ಯಾಸ, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ.